ಹಳಿ ಕಿತ್ತ ಮೇಲೂ ಉಳಿಯುವ ತಿರುವು

ಸೊಲ್ಲಾಪುರ ಜಿಲ್ಲೆಯೊಂದರಲ್ಲೇ ಹಿಂದೆ ಮೂರು ಗೇಜಿನ, ಅಂದರೆ ಎರಡು ಕಂಬಿಗಳ ನಡುವಿನ ಅಂತರ ಬೇರೆ ಬೇರೆಯಾದ, ಹಳಿಗಳಿದ್ದವು. ಮುಂಬಯಿಯ ಕಡೆಯಿಂದ 1860ರಲ್ಲಿ ಸೊಲ್ಲಾಪುರ ಮುಟ್ಟಿದ್ದು 1676 ಮಿಲಿಮೀಟರಿನ ಬ್ರಾಡ್‌ಗೇಜ್. 1884ರ ಹೊತ್ತಿಗೆ ಗದಗಿನಿಂದ ವಿಜಯಪುರದ ಮೇಲೆ ಹಾದು ಸೊಲ್ಲಾಪುರದ ಬಳಿಯ ಹೊಟಗಿಗೆ ಬಂದದ್ದು ಮೀಟರ್‌ಗೇಜ್. 1897ರಲ್ಲಿ ಕುರ್ಡುವಾಡಿಯ ಬಳಿಯಿಂದ ಬಾರ್ಶಿಗೆ ಹೊರಟದ್ದು ಬರಿಯ 762 ಮಿಲಿಮೀಟರಿನ ನ್ಯಾರೋಗೇಜಿನ ಪುಟ್ಟ ಗಾಡಿ. ಇಂದು ಎಲ್ಲವೂ ಬ್ರಾಡ್‌ಗೇಜ್. ಹಳೆಯ ಉಕ್ಕು ಗುಜರಿ ಸೇರಿದೆ. ಆದರೂ ಆ ಹಳಿಗಳು ಎಲ್ಲಿದ್ದವೆಂದು ನೆಲವನ್ನು ನೋಡಿ ಊಹಿಸಬಹುದು.

ಎರಡು ಗೇಜುಗಳು ಕೂಡುವಲ್ಲಿ ವ್ಯಾಗನ್ ಮುಂದೆ ಹೋಗಲಾರದು, ಸರಕು ಮಾತ್ರ ಹೋಗಬೇಕು. ಹೊಟಗಿಯಲ್ಲಿ ಹತ್ತಿಯ ಅಂಡಿಗೆಗಳೂ ಜೋಳದ ಚೀಲಗಳೂ ಹಮಾಲರ ಬೆನ್ನ ಮೇಲೆಯೇ ಗೇಜು ಬದಲಿಸಿದವು. 1876–78ರ ಭೀಕರ ಬರದ ಬಳಿಕ, ಧಾನ್ಯ ತಲುಪಲೆಂದೇ ಯೋಜಿಸಿದ ಮಾರ್ಗಗಳಲ್ಲಿ ಈ ಗದಗ–ಹೊಟಗಿ ಮಾರ್ಗವೂ ಒಂದು. ಆ ಧಾನ್ಯವೂ ಇಲ್ಲಿ ಇಳಿದು ಹತ್ತಬೇಕಾಗಿತ್ತು ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ಅಗ್ಗದ ಹಳಿ ಹಾಕಿ ಉಳಿಸಿದ ಹಣವನ್ನು ಹೀಗೆ ಕೂಲಿಯಾಗಿ ತೆರಬೇಕಾಯಿತು. ಇಂಥ ಯಾರ್ಡುಗಳಲ್ಲಿ ಎರಡೂ ಬದಿಯ ವ್ಯಾಗನ್‌ಗಳ ತಳ ಒಂದೇ ಮಟ್ಟಕ್ಕೆ ಬರುವಂತೆ ಒಂದು ಹಳಿಯನ್ನು ಇನ್ನೊಂದಕ್ಕಿಂತ ತಗ್ಗಿಸುತ್ತಿದ್ದರು. ಒಂದೇ ಕಟ್ಟೆ, ಆದರೆ ಎರಡು ಬದಿಯಲ್ಲಿ ಎರಡು ಎತ್ತರ: ಹೀಗೆ ಕಂಡರೆ ಅಲ್ಲಿ ಸರಕು ಕೈ ಬದಲಾಯಿಸಿದೆ ಎಂದು ಊಹಿಸಬಹುದು.

ಆದರೆ ಕಟ್ಟೆಗಿಂತ ಗಟ್ಟಿಯಾದ ಸಾಕ್ಷಿ ನೆಲದ ಆಕಾರ. ಸಮತಟ್ಟಿನಲ್ಲಿ ಒಂದು ಟನ್ ಎಳೆಯಲು ರೈಲಿಗೆ ಎರಡು ಮೂರು ಕಿಲೋ ಬಲ ಸಾಕು. ನೂರು ಮೀಟರಿಗೆ ಒಂದೇ ಮೀಟರ್ ಏರಿದರೂ ಅದಕ್ಕೆ ಇನ್ನೂ ಹತ್ತು ಕಿಲೋ ಸೇರುತ್ತದೆ. ಯಾರ್ಡಿನ ನಿಯಮ ಇನ್ನೂ ಬಿಗಿ: ನಿಂತ ವ್ಯಾಗನ್ ತಾನಾಗಿ ಉರುಳಬಾರದೆಂದು ಇಳಿಜಾರು 400 ಮೀಟರಿಗೆ ಒಂದು ಮೀಟರನ್ನು ಮೀರುವಂತಿಲ್ಲ. ತಿರುವಿಗೂ ಹೀಗೆಯೇ ಮಿತಿ ಇದೆ. ಬಟ್ಟೆ ಗಿರಣಿಯತ್ತ ಬಾಗಿದ ಕಾಂಪೌಂಡ್ ಗೋಡೆಯ ಎರಡು ತುದಿಗಳ ನಡುವೆ ನೇರವಾಗಿ 100 ಮೀಟರ್ ಇದ್ದು, ನಡುವಿನಲ್ಲಿ ಬಾಗು 6 ಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ವೃತ್ತದ ತ್ರಿಜ್ಯ ಸುಮಾರು 211 ಮೀಟರ್. ಚಕ್ಕಡಿಗೆ ಇಷ್ಟು ಉದಾರ ತಿರುವು ಬೇಕಿಲ್ಲ, ಅದು ನಾಲ್ಕು ಮಾರಿನಲ್ಲಿ ಹೊರಳುತ್ತದೆ. ಹಳಿ ಹೋದ ಮೇಲೂ ಹೊಲದ ಬದು, ಗೋಡೆ, ಓಣಿ ಎಲ್ಲವೂ ಹಳೆಯ ಬಾಗನ್ನೇ ಹಿಡಿದಿರುತ್ತವೆ, ಏಕೆಂದರೆ ಜಮೀನಿನ ಗಡಿ ಬದಲಿಸುವುದು ಹಳಿ ಕೀಳುವಷ್ಟು ಸುಲಭವಲ್ಲ.

ಮಣ್ಣೂ ನೆರವಾಗುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಳಿ ನಿಲ್ಲದು ಎಂದು ಗರಸು ತಂದು ಹಾಸುತ್ತಿದ್ದರು. ಏಪ್ರಿಲ್‌ನಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಕರಿಯ ಹೊಲಗಳ ನಡುವೆ ಅದು ಮಸುಕು ಪಟ್ಟಿಯಾಗಿ ಕಾಣಬಹುದು. ಹಳಿಯ ಏರಿ ಕಟ್ಟಲು ಮಣ್ಣು ತೆಗೆದ ತಗ್ಗುಗಳು ಮಳೆಗಾಲದಲ್ಲಿ ಸಾಲಾಗಿ ನೀರು ಹಿಡಿಯುತ್ತವೆ.

ಕೆಲವರು ಎಂಜಿನ್ ಬೂದಿ ಹುಡುಕಲು ಅಯಸ್ಕಾಂತ ಹಿಡಿಯುತ್ತಾರೆ. ಸೊಲ್ಲಾಪುರದಲ್ಲಿ ಅದನ್ನು ನಂಬಬೇಡಿ. ಇಲ್ಲಿನ ಎರೆ ಮಣ್ಣು ಬಸಾಲ್ಟ್ ಶಿಲೆ ಶಿಥಿಲಗೊಂಡು ಆದದ್ದು, ಅದರಲ್ಲೇ ಮ್ಯಾಗ್ನೆಟೈಟ್ ಕಣಗಳಿವೆ. ಗಟ್ಟಿಯಾದ ಬೂದಿಯ ಉಂಡೆಯಲ್ಲಿ, ಅಂದರೆ ಕಿಟ್ಟದಲ್ಲಿ, ಕಾಣುವ ರಂಧ್ರಗಳಿಂದಲೂ ತೀರ್ಮಾನಿಸಲಾಗದು, ಬಸಾಲ್ಟ್‌ನಲ್ಲೂ ರಂಧ್ರಗಳಿರುತ್ತವೆ. ಆದರೆ ಕಲ್ಲಿನ ರಂಧ್ರಗಳಲ್ಲಿ ಹಲವೆಡೆ ಬಿಳಿಯ ಹರಳು ತುಂಬಿರುತ್ತದೆ. ಕಲ್ಲಿದ್ದಲಿನ ಕಿಟ್ಟ ಹಗುರ, ಗಾಜಿನಂತೆ ಹೊಳೆಯುತ್ತದೆ, ಒಡೆದರೆ ಉರಿಯದೆ ಉಳಿದ ಕಲ್ಲಿದ್ದಲಿನ ಚೂರು ಸಿಗುವುದೂ ಉಂಟು. ಆದರೆ ಕಿಟ್ಟ ಸಿಕ್ಕಿತೆಂದು ಅಲ್ಲಿ ಎಂಜಿನ್ ನಿಂತಿತ್ತೆನ್ನಲಾಗದು. 1877ರಲ್ಲಿ ಕೆಲಸ ಆರಂಭಿಸಿದ ಜುನಿ ಗಿರಣಿಯಂಥ ಬಟ್ಟೆ ಗಿರಣಿಗಳ ಬಾಯ್ಲರುಗಳೂ ಕಿಟ್ಟ ಉಗುಳಿದವು. ಅದಕ್ಕೇ ಕಿಟ್ಟವನ್ನು ತಿರುವಿನ ಜೊತೆಗಿಟ್ಟು ಓದಬೇಕು.

ಇನ್ನು, ಬೇಲಿ ಕಂಬಗಳಾಗಿ ನಿಂತ ತುಂಡು ಹಳಿಗಳನ್ನು ನೋಡದೆ ಬರಬೇಡಿ. ಹಳಿಯ ಮಗ್ಗುಲಲ್ಲಿ ತಯಾರಕನ ಹೆಸರು, ವರ್ಷ, ತೂಕ ಉಬ್ಬಕ್ಷರದಲ್ಲಿರುತ್ತವೆ. ಬಾರ್ಶಿ ಮಾರ್ಗದ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್ ಗಾಲಿಗಳ ಪ್ರತಿ ಅಚ್ಚಿನ ಮೇಲಿನ ಭಾರವನ್ನು 5 ಟನ್ನಿಗೆ ಮಿತಿಗೊಳಿಸಿ ಗಜಕ್ಕೆ ಸುಮಾರು 30 ಪೌಂಡ್ ತೂಗುವ ತೆಳು ಹಳಿ ಸಾಕೆಂದು ತೋರಿಸಿದವನು. ಹೀಗಾಗಿ ತೀರ ಸಣ್ಣ ಹಳಿ ಕಂಡರೆ ನ್ಯಾರೋಗೇಜಿನ ಅನುಮಾನ ಸಹಜ, ಗಿರಣಿಯೊಳಗಿನ ತಳ್ಳುಗಾಡಿಯ ಹಳಿಯೂ ಆಗಿರಬಹುದು. ಕಂಬದ ಮೇಲಿನ ವರ್ಷ ಉಕ್ಕು ಹುಟ್ಟಿದ ವರ್ಷ. ಬೇಲಿ ಅದಕ್ಕಿಂತ ಹಳೆಯದಲ್ಲ ಎಂಬಷ್ಟೇ ಅದರಿಂದ ಖಚಿತ.