ವಿಯೆಟ್ನಾಮಿ ಅಂಗಡಿಯ ಬಿಸಿ ತೋಫು ಸಸ್ಯಾಹಾರಿಗಳು ತಗೋಬಹುದಾ?

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮನೆ ಹತ್ತಿರವೇ ಒಂದು ವಿಯೆಟ್ನಾಮಿ ಡೆಲಿ, ಅಂದರೆ ಸಿದ್ಧ ತಿಂಡಿಗಳ ಅಂಗಡಿ, ಇದೆ. ಅಲ್ಲೇ ಮಾಡಿದ ತೋಫು (ಸೋಯಾ ಹಾಲಿನ ಪನೀರ್) ಬಿಸಿಬಿಸಿಯಾಗಿ ಸಿಗುತ್ತದೆ. ಆದರೆ ಅದೇ ಕೌಂಟರಿನಲ್ಲಿ ಮಾಂಸದ ತಿಂಡಿಗಳೂ ಇರುತ್ತವೆ. ಊರಿಂದ ಬಂದಿರುವ ನಮ್ಮತ್ತೆ "ನಂಗೆ ಬೇಡಮ್ಮ, ಏನು ಹಾಕಿರ್ತಾರೋ" ಅನ್ನುತ್ತಾರೆ. ಅದು ನಿಜವಾಗಿ ಸಸ್ಯಾಹಾರವೇ?

ಉತ್ತರ: ಬಿಳಿ ತೋಫು ಸಸ್ಯಾಹಾರವೇ. ಅದನ್ನು ತಗೊಳ್ಳಿ. ಕೇಳಿ ತಗೋಬೇಕಾದ್ದು ಅದರ ಪಕ್ಕದಲ್ಲಿರುವ ಕರಿದ ತೋಫು, ಸಾಸು, ತುಂಬಿದ ತಿಂಡಿ ಇಂಥವನ್ನು.

ಅತ್ತೆಯವರ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಬಳಸುತ್ತಾರೆ ಅಂತ ಅಮೆರಿಕಕ್ಕೆ ಬಂದ ಸಸ್ಯಾಹಾರಿಗಳಿಗೆಲ್ಲ ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ. ತೋಫುವಿಗೆ ರೆನೆಟ್ ಬೇಕಿಲ್ಲ. ಸೋಯಾಬೀನನ್ನು ರಾತ್ರಿ ನೆನೆಹಾಕಿ, ಬೆಳಗಿನ ಜಾವ ನೀರು ಬೆರೆಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲು ತೆಗೆಯುತ್ತಾರೆ. ಗಸಿಯನ್ನು ಮೊದಲೇ ಹಿಂಡಿ ತೆಗೆದು ಆಮೇಲೆ ಹಾಲು ಕಾಯಿಸುವವರಿದ್ದಾರೆ, ರುಬ್ಬಿದ್ದನ್ನೇ ಕುದಿಸಿ ಆಮೇಲೆ ಸೋಸುವವರೂ ಇದ್ದಾರೆ. ಹೇಗೆ ಮಾಡಿದರೂ ಚೆನ್ನಾಗಿ ಕುದಿಸಲೇಬೇಕು. ಹಸಿ ಸೋಯಾ ಹಾಲಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿರುತ್ತವೆ. ಕುದಿಸಿದರೆ ಅವುಗಳ ಆಟ ಬಹುಮಟ್ಟಿಗೆ ನಿಲ್ಲುತ್ತದೆ.

ಕುದಿದ ಹಾಲು ಇನ್ನೂ ಬಿಸಿ ಇರುವಾಗಲೇ ಅದನ್ನು ಒಡೆಸುತ್ತಾರೆ. ಒಡೆಸಲು ಹೆಚ್ಚಾಗಿ ಬಳಸುವುದು ಜಿಪ್ಸಮ್. ಜಿಪ್ಸಮ್ ಅಂದ ಕೂಡಲೇ ಫಾಲ್ಸ್ ಸೀಲಿಂಗ್ ನೆನಪಾಗುತ್ತದೆ, ಅಲ್ವಾ? ವಸ್ತು ಅದೇ, ಕ್ಯಾಲ್ಸಿಯಂ ಸಲ್ಫೇಟ್. ಆದರೆ ಇದು ಆಹಾರಕ್ಕೆಂದೇ ಶುದ್ಧ ಮಾಡಿದ್ದು, ಹಾಕುವುದೂ ಸ್ವಲ್ಪವೇ. ತೋಫುವಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಅನ್ನುವ ಮಾತು ಬಂದಿರುವುದೂ ಇದರಿಂದಲೇ. ಜಪಾನಿನವರು ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರನ್ನು ಬಳಸುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಮೆಗ್ನೀಸಿಯಂ ಕ್ಲೋರೈಡ್. ವಿಯೆಟ್ನಾಂನ ಹನೋಯ್ ಊರಿನ ಮಾಯ್ ದೊಂಗ್ ತೋಫುವಿಗೆ ಹೆಸರಾದ ಜಾಗ. ಅಲ್ಲಿ ಹಿಂದಿನಿಂದ ಬಂದ ಪದ್ಧತಿ ಇನ್ನೂ ಸರಳ. ನಿನ್ನೆಯ ತೋಫುವಿನಿಂದ ಇಳಿದ ನೀರನ್ನು ಹುಳಿ ಬರಲು ಬಿಟ್ಟು, ಅದನ್ನೇ ಇವತ್ತಿನ ಹಾಲಿಗೆ ಹಾಕುವುದು. ಇವುಗಳಲ್ಲಿ ಯಾವುದರಲ್ಲೂ ಪ್ರಾಣಿಯ ಅಂಶ ಇಲ್ಲ.

ತೀರಾ ಕಟ್ಟುನಿಟ್ಟಿನವರು ಇನ್ನೊಂದನ್ನು ವಿಚಾರಿಸಬಹುದು. ಸೋಯಾ ಹಾಲು ಕುದಿಯುವಾಗ ಭಾರಿ ನೊರೆ ಬರುತ್ತದೆ, ಪಾತ್ರೆ ಮೀರಿ ಉಕ್ಕುತ್ತದೆ. ದೊಡ್ಡ ಪ್ರಮಾಣದಲ್ಲಿ ಮಾಡುವವರು ನೊರೆ ಇಳಿಸಲು ಒಂದು ಚೂರು ಕೊಬ್ಬಿನ ಪದಾರ್ಥ ಸೇರಿಸುವುದುಂಟು. ಅದು ಸಾಮಾನ್ಯವಾಗಿ ಗಿಡದ ಎಣ್ಣೆಯಿಂದ ಬಂದಿರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡಲು ಬರುತ್ತದೆ. ನನ್ನ ಕೇಳಿದರೆ ಇಷ್ಟು ದೂರ ಹೋಗಬೇಕಿಲ್ಲ. ಮನಸ್ಸು ಒಪ್ಪದಿದ್ದರೆ ಮಾಡುವವರನ್ನೇ ಕೇಳಿ. ಪ್ಯಾಕೆಟ್ ತೋಫುವಿಗೂ ಇದೇ ಪ್ರಶ್ನೆ ಕೇಳಬಹುದು ಅನ್ನೋದನ್ನ ಮರೆಯಬೇಡಿ.

ಈಗ ಆ ಕೌಂಟರಿಗೆ ಬರೋಣ. ಬಿಳಿ ತೋಫುವನ್ನು ಸುಲಭವಾಗಿ ಗುರುತಿಸಬಹುದು. ಒಡೆದ ಹಾಲನ್ನು ಬಟ್ಟೆ ಹಾಸಿದ ಅಚ್ಚಿಗೆ ಸುರಿದು, ಮೇಲೆ ಭಾರ ಇಟ್ಟು ನೀರು ಇಳಿಸಿರುತ್ತಾರೆ. ಆ ಬಟ್ಟೆಯ ನೇಯ್ಗೆ ಎಷ್ಟೋ ಸಲ ತುಂಡಿನ ಮೈಮೇಲೆ ಹಾಗೇ ಅಚ್ಚಾಗಿರುತ್ತದೆ. ಬಿಸಿ ಇರುವಾಗ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟರೆ ಒಳಗೆಲ್ಲ ಬೆವರು ಕಟ್ಟುತ್ತದೆ. ಬೆರಳಿನಿಂದ ಒತ್ತಿದರೆ ಕುಗ್ಗಿ ಮತ್ತೆ ಏಳುತ್ತದೆ.

ಕರಿದ ತೋಫುವಿನ ಕಥೆ ಬೇರೆ. ಮಜ್ಜಿಗೆಹುಲ್ಲು ಮತ್ತು ಮೆಣಸಿನಕಾಯಿ ಹಾಕಿ ಕರಿದದ್ದು ಈ ಅಂಗಡಿಗಳಲ್ಲಿ ತುಂಬ ಹೆಸರುವಾಸಿ. ರುಚಿಯೂ ಹಾಗೇ ಇದೆ. ಆದರೆ ಅದೇ ಎಣ್ಣೆಯಲ್ಲಿ ಹಂದಿಮಾಂಸದ ರೋಲ್ ಕರಿದಿರಬಹುದು. ತೋಫುವಿನ ಹೊಟ್ಟೆ ಸೀಳಿ ಹಂದಿಮಾಂಸ ತುಂಬಿ, ಟೊಮೆಟೊ ಸಾಸಿನಲ್ಲಿ ಬೇಯಿಸುವ ಅಡುಗೆಯೂ ವಿಯೆಟ್ನಾಮಿಗಳ ಮನೆಮನೆಯದು. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸುಮ್ನೆ ಟೊಮೆಟೊ ಹಾಕಿ ಮಾಡಿದ ತೋಫುವಿನಲ್ಲೂ ಮೀನಿನ ಸಾಸು ಇರಬಹುದು, ಅವರಿಗೆ ಅದು ನಮ್ಮ ಉಪ್ಪಿನಷ್ಟೇ ಸಹಜ. ಇನ್ನು ಕರಿದ ತೋಫುವಿನ ಜೊತೆ ಪುಟ್ಟ ಬಟ್ಟಲಲ್ಲಿ ನೇರಳೆ ಛಾಯೆಯ, ಘಾಟು ವಾಸನೆಯ ಗಟ್ಟಿ ಗೊಜ್ಜು ಕೊಟ್ಟರೆ ಅದು ಹುದುಗಿಸಿದ ಸಿಗಡಿಯದು. ಹನೋಯ್ ಕಡೆಯವರಿಗೆ ಪಂಚಪ್ರಾಣ. ಅತ್ತೆಯವರಿಂದ ದೂರ ಇಡಿ.

ಅಂಗಡಿಯವರಿಗೆ ಸಸ್ಯಾಹಾರ ಹೊಸದೇನಲ್ಲ. ಅದನ್ನು ಅವರು ಚಾಯ್ ಅನ್ನುತ್ತಾರೆ. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಅನ್ನುವ ನಾಲ್ಕು ಅಕ್ಷರ ಹುಡುಕಿ. ವಿಯೆಟ್ನಾಮಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಅತ್ತೆಯವರ ಪಂಚಾಂಗ ನೋಡಿಕೊಂಡು ಆ ದಿನಗಳಲ್ಲಿ ಹೋಗಿ. ಮಾಂಸ ಇಲ್ಲದ ತಿಂಡಿ ಜಾಸ್ತಿ ಸಿಗುವ ಸಾಧ್ಯತೆ ಇರುತ್ತದೆ, ಜೊತೆಗೆ ನೂಕುನುಗ್ಗಲೂ. ಅವರ ಕಟ್ಟುನಿಟ್ಟಿನ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ವರ್ಜ್ಯ ಅಂತ ಅತ್ತೆಯವರಿಗೆ ಹೇಳಿ ನೋಡಿ, ಅರ್ಧ ಅನುಮಾನ ಅಲ್ಲೇ ಕರಗಬಹುದು. ಆದರೆ ಚಾಯ್ ಅಂದ ಮಾತ್ರಕ್ಕೆ ಮೊಟ್ಟೆ ಇಲ್ಲ ಅಂತ ಎಲ್ಲ ಕಡೆ ನಂಬಲಾಗದು. "ವೆಜಿಟೇರಿಯನ್ನಾ?" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಮೀನಿನ ಸಾಸು ಇದೆಯಾ, ಮೊಟ್ಟೆ ಇದೆಯಾ, ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಬಿಡಿಬಿಡಿಯಾಗಿ ಕೇಳಿ. ಇನ್ನೊಂದು ತಮಾಷೆ, ಇದಕ್ಕೆ ಉಲ್ಟಾ: ಚಾಯ್ ತಟ್ಟೆಯಲ್ಲಿ ಕೋಳಿ, ಹ್ಯಾಮ್ ಥರ ಕಾಣುವ ತುಂಡುಗಳೂ ಇರುತ್ತವೆ. ಅವು ಸೋಯಾದಿಂದಲೋ ಗೋಧಿಯ ಅಂಟಿನಿಂದಲೋ ಮಾಡಿದ್ದು.

ಇಂಥ ಅಂಗಡಿ ನಿಮ್ಮ ಊರಿನಲ್ಲೇ ಇರುವುದಕ್ಕೂ ಕಾರಣ ಇದೆ. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರಲ್ಲಿ ಬಹಳ ಜನ ಕ್ಯಾಲಿಫೋರ್ನಿಯಾದಲ್ಲಿ ನೆಲೆ ನಿಂತರು. ಇವತ್ತು ಸ್ಯಾನ್ ಹೋಸೆಯಲ್ಲಿ ವಿಯೆಟ್ನಾಮಿ ಮೂಲದವರು ಲಕ್ಷಕ್ಕೂ ಹೆಚ್ಚಿದ್ದಾರೆ. ಸ್ಟೋರಿ ರೋಡ್ ಕಡೆ ಹೋದರೆ ಬೋರ್ಡುಗಳೆಲ್ಲ ಅವರ ಭಾಷೆಯವೇ. ದಿನಾ ಮಾಡಿ ದಿನಾ ಮಾರುವ ಪದಾರ್ಥ ನಡೆಯಬೇಕಾದರೆ ದಿನಾ ಕೊಳ್ಳುವ ಜನ ಬೇಕಲ್ಲ.

ಪ್ಯಾಕೆಟ್ ತೋಫುವಿಗೂ ಇದಕ್ಕೂ ರುಚಿಯಲ್ಲಿ ಅಜಗಜಾಂತರ ಇರುವುದು ಕೂಡ ಇದೇ ಕಾರಣಕ್ಕೆ. ನೀರು ತುಂಬಿದ ಪ್ಯಾಕೆಟ್ಟಿನ ತೋಫುವನ್ನು ಸಾಮಾನ್ಯವಾಗಿ ಸೀಲ್ ಮಾಡಿದ ಮೇಲೆ ಇನ್ನೊಮ್ಮೆ ಬಿಸಿ ಮಾಡಿರುತ್ತಾರೆ, ವಾರಗಟ್ಟಲೆ ಕೆಡದೆ ಇರಲಿ ಅಂತ. ಅಷ್ಟು ದಿನ ತಣ್ಣೀರಲ್ಲಿ ಕೂತ ತುಂಡಿನಲ್ಲಿ ಹಾಲಿನ ಸಿಹಿ ಎಲ್ಲಿ ಉಳಿಯುತ್ತದೆ? ಹುಳಿಖಾರದ ಗ್ರೇವಿಗೆ ಅದು ಸಾಕು. ಬರೀ ಬಾಯಿಗೆ ಹಾಕಿಕೊಳ್ಳಲು ಆಗದು.

ಅದಕ್ಕೇ ಅಂಗಡಿಯ ತೋಫುವನ್ನು ತಂದ ದಿನವೇ ತಿನ್ನಿ. ಬೆಳಿಗ್ಗೆ ಬೇಗ ಹೋದರೆ ಬಿಸಿ ಇರುವುದು ಸಿಗುತ್ತದೆ. ಕಾರಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತಬೇಡಿ. ಕೊಂಡ ಮೇಲೆ ಎರಡು ತಾಸಿನೊಳಗೆ ತಿನ್ನಬೇಕು, ಇಲ್ಲವೇ ಫ್ರಿಜ್ಜಿನಲ್ಲಿ ಇಡಬೇಕು. ಉಳಿದದ್ದನ್ನು ತಣ್ಣೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ನೀರು ದಿನಾ ಬದಲಾಯಿಸಿದರೆ ಎರಡು ಮೂರು ದಿನ ಇರುತ್ತದೆ. ಮೈ ಲೋಳೆಯಾದರೆ ಅಥವಾ ಹುಳಿ ವಾಸನೆ ಬಂದರೆ ಎಸೆಯಿರಿ. ಪನೀರ್ ಥರ ಗ್ರೇವಿಯಲ್ಲಿ ಸೌಟಾಡಿಸಿದರೆ ಪುಡಿಪುಡಿ ಆಗುತ್ತದೆ. ದಪ್ಪ ಹೋಳು ಮಾಡಿ, ಉಪ್ಪು ಉದುರಿಸಿ, ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಮೇಲಿಂದ ಸುರಿದು, ನಿಂಬೆಹಣ್ಣು ಹಿಂಡಿದರೆ ಸಾಕು.

ಅತ್ತೆಯವರಿಗೆ ಮೊದಲು ಕೊಡಬೇಕಾದ್ದು ಮಾತ್ರ ಇದಲ್ಲ, ಸಿಹಿಯದು. ಒತ್ತದೆ, ನೀರು ಇಳಿಸದೆ ಹಾಗೇ ಹೆಪ್ಪುಗಟ್ಟಿಸಿದ ತೋಫುವಿಗೆ ಶುಂಠಿ ಹಾಕಿದ ಸಕ್ಕರೆ ಪಾಕ ಸುರಿದು ಕೊಡುತ್ತಾರೆ. ದಕ್ಷಿಣ ವಿಯೆಟ್ನಾಮಿನವರು ಮೇಲೆ ತೆಂಗಿನಹಾಲೂ ಹಾಕುತ್ತಾರೆ. ಚಮಚದಲ್ಲಿ ತೆಗೆದರೆ ಎಳೆ ಗಿಣ್ಣಿನ ಹಾಗೆ ಅಲುಗುತ್ತದೆ. ಕೆಲವರು ಸುಲಭಕ್ಕೆ ಇದಕ್ಕೆ ಜೆಲಟಿನ್ ಹಾಕುವುದುಂಟು, ಅದು ಪ್ರಾಣಿಯದು. ಇಲ್ಲ ಅಂತ ಕೇಳಿ ಖಚಿತ ಮಾಡಿಕೊಂಡು, ಪಾಕ ಬೇರೆ ಡಬ್ಬಿಯಲ್ಲಿ ಕೊಡಿ ಅನ್ನಿ. ಒಟ್ಟಿಗೆ ಹಾಕಿಸಿಕೊಂಡರೆ ಮನೆಗೆ ಬರುವಷ್ಟರಲ್ಲಿ ನೀರುನೀರಾಗಿರುತ್ತದೆ.