ಯಾರು ಕರೆಯಬಹುದು? ಎಕ್ಸ್‌ಎಂಎಲ್-ಆರ್‌ಪಿಸಿ ನಮ್ಮ ವೆಬ್‌ಸೈಟುಗಳೊಳಗೆ ಬಂದ ದಾರಿ

ಉಡುಪಿ, ಮಂಗಳೂರಿನ ಸಣ್ಣಪುಟ್ಟ ವೆಬ್‌ಸೈಟುಗಳ ಸರ್ವರ್ ಲಾಗ್ (ಯಾರು ಯಾವ ಫೈಲ್ ಕೇಳಿದರು ಎಂಬ ದಾಖಲೆ) ತೆಗೆದು ನೋಡಿದರೆ ಒಂದು ಫೈಲಿನ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ. ದೇವಸ್ಥಾನದ ಸೇವೆಗಳ ಪಟ್ಟಿ ಇರುವ ಸೈಟಿರಲಿ, ಯಕ್ಷಗಾನ ಮೇಳದ ತಿರುಗಾಟದ ಸೈಟಿರಲಿ, ಸಹಕಾರಿ ಸಂಘದ್ದಿರಲಿ. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದಾದರೆ ಈ ಫೈಲನ್ನು ಹುಡುಕಿಕೊಂಡು ಎಲ್ಲೆಲ್ಲಿಂದಲೋ ರಿಕ್ವೆಸ್ಟ್‌ಗಳು ಬರುತ್ತಲೇ ಇರುತ್ತವೆ. ಸೈಟಿನ ಯಜಮಾನರಿಗೆ ತೋರಿಸಿದರೆ, "ಎಂತ ಮಾರಾಯ್ರೆ ಇದು? ನಾವು ಇಟ್ಟದ್ದಲ್ಲವಲ್ಲ?" ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಬ್ಲಾಕ್ ಮಾಡಿ ಸುಮ್ಮನಾಗಬಹುದು, ತುಂಬ ಜನ ಹಾಗೇ ಮಾಡುತ್ತಾರೆ. ಆದರೆ ಅದು ಯಾಕೆ ಬಂತು ಅಂತ ತಿಳಿಯದೆ ಮುಚ್ಚಿದರೆ, ಅದೇ ತೊಂದರೆ ಬೇರೆ ಹೆಸರಿನಲ್ಲಿ ಬಂದಾಗ ಗುರುತು ಸಿಗುವುದಿಲ್ಲ. ಈಗಾಗಲೇ ಬಂದೂ ಆಗಿದೆ.

ಮೂಲ ವಿಚಾರ ಸರಳ. ಪ್ರೋಗ್ರಾಂ ಬರೆಯುವಾಗ ಒಂದು ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು) ಕರೆಯುತ್ತೇವೆ. ಹೆಸರು ಹೇಳಿ, ಬೇಕಾದ ಮಾಹಿತಿ ಕೊಟ್ಟರೆ ಉತ್ತರ ಬರುತ್ತದೆ. ಆ ಫಂಕ್ಷನ್ ಬೇರೊಂದು ಕಂಪ್ಯೂಟರಿನಲ್ಲಿದ್ದರೂ ಹಾಗೇ ಕರೆಯುವಂತಾದರೆ? ಅದೇ ರಿಮೋಟ್ ಪ್ರೊಸೀಜರ್ ಕಾಲ್, ಆರ್‌ಪಿಸಿ. ಬ್ರೂಸ್ ನೆಲ್ಸನ್ 1981ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧವನ್ನು ಇದರ ಮೇಲೆಯೇ ಬರೆದರು. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ ಅವರೂ ಆಂಡ್ರೂ ಬಿರೆಲ್ ಅವರೂ ಇದನ್ನು ಕಟ್ಟಿ ತೋರಿಸಿದ ಲೇಖನ 1984ರಲ್ಲಿ ಪ್ರಕಟವಾಯಿತು. ಈ ಕಡೆ ಒಂದು ಸಣ್ಣ ಕೋಡ್, ಆ ಕಡೆ ಒಂದು. ಇದು ಮಾಹಿತಿಯನ್ನು ಕಟ್ಟಿ ಕಳಿಸುತ್ತದೆ, ಅದು ಬಿಚ್ಚಿ ಫಂಕ್ಷನ್ ನಡೆಸಿ ಉತ್ತರ ಕಳಿಸುತ್ತದೆ. ಈ ಸಣ್ಣ ಕೋಡಿಗೆ ಸ್ಟಬ್ ಎನ್ನುತ್ತಾರೆ. ಪ್ರೋಗ್ರಾಂ ಬರೆಯುವವರಿಗೆ ನಡುವಿನ ನೆಟ್‌ವರ್ಕ್ ಕಾಣಿಸುವುದೇ ಇಲ್ಲ.

ಆದರೆ ನೆಟ್‌ವರ್ಕ್ ಕಾಣದಿರುವುದು ಒಳ್ಳೆಯದೇ? 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೋ ಮತ್ತು ಜೊತೆಗಾರರು ಇದನ್ನು ಗಟ್ಟಿಯಾಗಿ ವಿರೋಧಿಸಿ ಬರೆದರು. ಹತ್ತಿರದ ಕರೆ ಮತ್ತು ದೂರದ ಕರೆ ಒಂದೇ ಎಂದು ನಟಿಸಬೇಡಿ ಅನ್ನುವುದು ಅವರ ವಾದ. ಅವರು ಹೇಳಿದ ಕಾರಣಗಳಲ್ಲಿ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುವುದು ಅರ್ಧಕ್ಕೆ ಕೈಕೊಡುವ ಕರೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ, ಪೋಸ್ಟ್ ಕಳಿಸುತ್ತಿರುವಾಗಲೇ ನೆಟ್ ಕಡಿಯಿತು ಅಂದುಕೊಳ್ಳಿ. ಉತ್ತರ ಬರಲಿಲ್ಲ. ಪೋಸ್ಟ್ ಪ್ರಕಟವಾಯಿತೋ ಇಲ್ಲವೋ? ಸರ್ವರ್‌ಗೆ ತಲುಪಲೇ ಇಲ್ಲವೋ, ತಲುಪಿ ಕೆಲಸ ಮುಗಿದು ಉತ್ತರ ಮಾತ್ರ ಕಳೆದುಹೋಯಿತೋ? ಇಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮತ್ತೆ ಕಳಿಸಿದರೆ ಒಂದೇ ಸುದ್ದಿ ಎರಡು ಸಲ ಬರಬಹುದು. ಒಂದೇ ಕಂಪ್ಯೂಟರಿನೊಳಗಿನ ಕರೆಯಲ್ಲಿ ಈ ಗೊಂದಲ ಬರುವುದಿಲ್ಲ.

ಈ ಆರ್‌ಪಿಸಿಯನ್ನು ವೆಬ್ ಪ್ರಕಟಣೆಯ ಕಡೆಗೆ ತಂದವರು ಡೇವ್ ವೈನರ್. ಅವರ ಕಂಪನಿ ಯೂಸರ್‌ಲ್ಯಾಂಡ್ ಮಾಡುತ್ತಿದ್ದ ಫ್ರಾಂಟಿಯರ್ ವೆಬ್‌ಸೈಟ್ ಕಟ್ಟಲು ಜನ ಬಳಸುತ್ತಿದ್ದ ಸಾಫ್ಟ್‌ವೇರ್. 1998ರಲ್ಲಿ ಮೈಕ್ರೋಸಾಫ್ಟ್‌ನವರ ಜೊತೆ ಸೇರಿ ಅವರು ಎಕ್ಸ್‌ಎಂಎಲ್-ಆರ್‌ಪಿಸಿ ರೂಪಿಸಿದರು. ಫಂಕ್ಷನ್ ಹೆಸರು ಮತ್ತು ಮಾಹಿತಿಯನ್ನು ಎಕ್ಸ್‌ಎಂಎಲ್‌ನಲ್ಲಿ (ಪ್ರತಿ ತುಂಡಿಗೂ ಹೆಸರಿನ ಟ್ಯಾಗ್ ಹಾಕುವ ಪಠ್ಯರೂಪದಲ್ಲಿ) ಬರೆದು, ಬ್ರೌಸರ್ ಫಾರ್ಮ್ ಕಳಿಸಲು ಬಳಸುವ ಮಾಮೂಲಿ ಎಚ್‌ಟಿಟಿಪಿ ಪೋಸ್ಟ್ ಮೂಲಕ ಕಳಿಸಿದರೆ ಆಯಿತು. ಹೊಸ ಪೋರ್ಟ್ ಬೇಡ, ಫೈರ್‌ವಾಲ್ ಜೊತೆ ಜಗಳ ಬೇಡ. ನಿಯಮಾವಳಿ ಕೆಲವೇ ಪುಟ. ಒಮ್ಮೆ ಕೂತಲ್ಲೇ ಓದಿ ಮುಗಿಸಬಹುದು. ಇದೇ ಮನೆಯಿಂದ ಹುಟ್ಟಿದ ಸೋಪ್ ಎಂಬ ಇನ್ನೊಂದು ನಿಯಮಾವಳಿ ಆಮೇಲೆ ದೊಡ್ಡ ಕಂಪನಿಗಳ ಕೈಯಲ್ಲಿ ದಪ್ಪವಾಗುತ್ತ ಹೋಯಿತು. ಎಕ್ಸ್‌ಎಂಎಲ್-ಆರ್‌ಪಿಸಿ ಸಣ್ಣದಾಗಿಯೇ ಉಳಿಯಿತು. ಅದು ಅಷ್ಟು ಕಡೆ ಹರಡಲು ಇದೇ ಕಾರಣ ಎಂದು ನನಗೆ ಅನಿಸುತ್ತದೆ.

ಸಣ್ಣದಾಗಿದ್ದಕ್ಕೆ ಬೆಲೆಯೂ ಇತ್ತು. ಮೊದಲ ನಿಯಮಾವಳಿಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂದರೆ ಆಸ್ಕಿ ಅಕ್ಷರ ಮಾತ್ರ, ಎಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳು. ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಎಕ್ಸ್‌ಎಂಎಲ್ ಕೂಡ ಯೂನಿಕೋಡ್ ಒಪ್ಪುತ್ತಿತ್ತು. ಆದರೂ ಈ ನಿಯಮದ ಅಕ್ಷರ ಹಿಡಿದು ನಡೆದರೆ ಕನ್ನಡದ ಒಂದು ತಲೆಬರಹ ಕಳಿಸಲೂ ಆಗುತ್ತಿರಲಿಲ್ಲ. 'ಆಸ್ಕಿ' ಅನ್ನುವ ಆ ಮಾತನ್ನು ತೆಗೆದುಹಾಕಿದ್ದು 2003ರ ಜೂನ್‌ನಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಚ್ಚಾದ ಊರಿನಲ್ಲಿ ಕೂತು ಇದನ್ನು ಓದುವಾಗ ಬೇಜಾರಾಗುತ್ತದೆ. ಪ್ರಕಟಣೆಗೆಂದೇ ಬಳಕೆಯಾದ ನಿಯಮ, ಅದರಲ್ಲಿ ಐದು ವರ್ಷ ನಮ್ಮ ಲಿಪಿಯ ಲೆಕ್ಕವೇ ಇರಲಿಲ್ಲ. ಸಮಯದ ಕತೆಯೂ ಹೀಗೇ. ದಿನಾಂಕ ಕಳಿಸುವಾಗ ಯಾವ ದೇಶದ ಸಮಯ ಅಂತ ಹೇಳಲು ಅದರಲ್ಲಿ ಜಾಗವಿಲ್ಲ, ಸರ್ವರ್‌ನವರು ತಮ್ಮ ದಾಖಲೆಯಲ್ಲಿ ಹೇಳಿಕೊಳ್ಳಲಿ ಎಂದು ಬಿಟ್ಟರು. ಎರಡು ಕಡೆಯವರ ಊಹೆ ಬೇರೆಯಾದರೆ ನಮ್ಮ ಪೋಸ್ಟ್ ಐದೂವರೆ ಗಂಟೆ ಆಚೀಚೆ. ರಾತ್ರಿಯ ಆಟದ ಸುದ್ದಿಗೆ ಐದೂವರೆ ಗಂಟೆ ಸಣ್ಣ ವಿಷಯವಲ್ಲ.

ಇಷ್ಟಾದರೂ ಜನರಿಗೆ ಇದು ಬೇಕಿತ್ತು. ಆಗ ಬ್ರೌಸರಿನ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಸಬ್ಮಿಟ್ ಒತ್ತುವಾಗ ಡಯಲ್‌ಅಪ್ ಕಡಿದರೆ ಬರೆದದ್ದೆಲ್ಲ ಹೋಯಿತು. ಆಫ್‌ಲೈನ್‌ನಲ್ಲಿ ನಿಧಾನವಾಗಿ ಬರೆದು, ಲೈನ್ ಸಿಕ್ಕಾಗ ಕಳಿಸುವ ಸಾಫ್ಟ್‌ವೇರ್ ಬೇಕಿತ್ತು. 2001ರಲ್ಲಿ ಬ್ಲಾಗ್ ಸೇವೆಯಾದ ಬ್ಲಾಗರ್ ತನ್ನ ಎಪಿಐ (ಹೊರಗಿನ ಸಾಫ್ಟ್‌ವೇರ್ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿ) ಕೊಟ್ಟಿತು, 2002ರಲ್ಲಿ ವೈನರ್ ಅಂಥದ್ದೇ ಮೆಟಾವೆಬ್‌ಲಾಗ್ ತಂದರು. ಎರಡೂ ಎಕ್ಸ್‌ಎಂಎಲ್-ಆರ್‌ಪಿಸಿಯ ಮೇಲೆಯೇ. 2003ರ ಮೇ 27ಕ್ಕೆ ವರ್ಡ್‌ಪ್ರೆಸ್ ಹೊರಬಂದಾಗ ಅದರ ತಾಯಿಬೇರಾದ ಬಿ2 ಎಂಬ ಬ್ಲಾಗ್ ಸಾಫ್ಟ್‌ವೇರ್‌ನಿಂದ ಈ ಫೈಲೂ ಬಂತು. ಯಜಮಾನರ ಪ್ರಶ್ನೆಗೆ ನೇರ ಉತ್ತರ ಇದು. ಎದುರು ಬಾಗಿಲಿನಲ್ಲಿ ಓದುಗರು, ಹಿತ್ತಿಲ ಬಾಗಿಲಿನಲ್ಲಿ ಬರೆಯುವವರ ಸಾಫ್ಟ್‌ವೇರ್.

ಎಲ್ಲರೂ ಇದನ್ನು ಒಂದೇ ರೀತಿ ಸೇರಿಸಲಿಲ್ಲ. ನನಗೆ ಅತ್ಯಂತ ಆಸಕ್ತಿ ಹುಟ್ಟಿಸುವ ಭಾಗ ಇದು. ವರ್ಡ್‌ಪ್ರೆಸ್ ಬೇರೆಯೇ ಒಂದು ಫೈಲ್ ಇಟ್ಟು, ಹೊರಗಿನಿಂದ ಕರೆಯಬಹುದಾದ ಹೆಸರುಗಳ ಪಟ್ಟಿ ಮಾಡಿತು. 1999ರಲ್ಲಿ ಸ್ಟೆಫಾನೊ ಮಝೋಕಿ ಶುರುಮಾಡಿದ ಅಪಾಚೆ ಕಕೂನ್ ಎಂಬ ವೆಬ್ ಸಾಫ್ಟ್‌ವೇರ್‌ನದು ಪೂರ್ತಿ ಬೇರೆ ಲೋಕ. ಅಲ್ಲಿ ಎಲ್ಲವೂ ಎಕ್ಸ್‌ಎಂಎಲ್ ಹರಿಯುವ ಪೈಪ್‌ಲೈನ್. ಒಂದು ತುದಿಯಲ್ಲಿ ಎಕ್ಸ್‌ಎಂಎಲ್ ಹುಟ್ಟುತ್ತದೆ, ನಡುವೆ ಬದಲಾಗುತ್ತದೆ, ಇನ್ನೊಂದು ತುದಿಯಲ್ಲಿ ಪುಟವಾಗಿ ಹೊರಬರುತ್ತದೆ. ಹೊರಗಿನಿಂದ ಪೋಸ್ಟ್ ಆಗಿ ಬಂದ ಎಕ್ಸ್‌ಎಂಎಲ್ ಅನ್ನೂ ಪೈಪ್‌ಲೈನಿನ ಮೊದಲ ತುದಿಗೆ ಕೊಡಬಹುದಿತ್ತು. ಅದರಲ್ಲಿ ಒಂದು ಅಂದವಿದೆ. ಆದರೆ ಆ ಪೈಪ್‌ಲೈನ್ ಇದ್ದದ್ದು ಪುಟ ತೋರಿಸುವುದಕ್ಕೆ. ಆರ್‌ಪಿಸಿ ಕೇಳುವುದು ಡೇಟಾ ಬದಲಾಯಿಸುವ ಕೆಲಸ. ಎರಡೂ ಸುಲಭವಾಗಿ ಹೊಂದುವುದಿಲ್ಲ.

ಪೈಥಾನ್ ಭಾಷೆಯ ಝೋಪ್ ಎಂಬ ವೆಬ್ ಸಾಫ್ಟ್‌ವೇರ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಆಬ್ಜೆಕ್ಟ್‌ಗಳೇ ಯುಆರ್‌ಎಲ್ ಮೂಲಕ ಪ್ರಕಟವಾಗುತ್ತವೆ, ಅವುಗಳ ಮೆಥಡ್‌ಗಳನ್ನು (ಆಬ್ಜೆಕ್ಟ್‌ಗೆ ಸೇರಿದ ಫಂಕ್ಷನ್‌ಗಳನ್ನು) ನೇರವಾಗಿ ಕರೆಯಬಹುದು. ಹಾಗಾಗಿ ಎಕ್ಸ್‌ಎಂಎಲ್-ಆರ್‌ಪಿಸಿ ಸೇರಿಸುವುದು ಅಲ್ಲಿ ಸಹಜವಾಯಿತು. ಅಪಾಯವೂ ಅಷ್ಟೇ ಸಹಜ. ಒಳಗಿನ ಕೆಲಸಕ್ಕೆಂದು ಬರೆದ ಮೆಥಡ್ ಹೊರಗಿನವರ ಕೈಗೆ ಸಿಕ್ಕಿಬಿಡಬಹುದು. ಝೋಪ್ ಇದಕ್ಕೆ ಹಾಕಿದ ಒಂದು ತಡೆ ಡಾಕ್‌ಸ್ಟ್ರಿಂಗ್. ಮೆಥಡ್‌ಗೆ ವಿವರಣೆಯ ಸಾಲು ಬರೆದಿದ್ದರೆ ಮಾತ್ರ ಅದನ್ನು ವೆಬ್‌ನಿಂದ ಕರೆಯಬಹುದು. ಅನುಮತಿಯ ಬೇರೆ ಪರೀಕ್ಷೆಗಳೂ ಇದ್ದವು, ಆದರೆ ಮೊದಲ ಜರಡಿ ಇದು. ಒಳ್ಳೆಯ ಅಭ್ಯಾಸವಿರುವ ಪ್ರೋಗ್ರಾಮರ್ ಎಲ್ಲ ಮೆಥಡ್‌ಗೂ ವಿವರಣೆ ಬರೆಯುತ್ತಾನೆ, ಅಲ್ವಾ? ಆ ಒಳ್ಳೆಯ ಅಭ್ಯಾಸವೇ ಇಲ್ಲಿ ಬಾಗಿಲು ತೆಗೆಯುತ್ತದೆ. ಹೊರಗೆ ತೆರೆಯುವ ನಿರ್ಧಾರ ಬೇರೆ ಯಾವುದೋ ಕೆಲಸದ ಜೊತೆ ತಾನಾಗಿ ಆಗಿಹೋಗಬಾರದು. ಅದನ್ನು ಒಬ್ಬರು ಯೋಚಿಸಿ, ಕೈಯಾರೆ ಬರೆಯಬೇಕು.

ಆಮೇಲೆ ಏಟುಗಳು ಬಿದ್ದವು. 2005ರಲ್ಲಿ ಪಿಎಚ್‌ಪಿಯ ಎರಡು ಜನಪ್ರಿಯ ಎಕ್ಸ್‌ಎಂಎಲ್-ಆರ್‌ಪಿಸಿ ಲೈಬ್ರರಿಗಳಲ್ಲಿ ಭಾರಿ ತೂತು ಸಿಕ್ಕಿತು. ಬಂದ ಎಕ್ಸ್‌ಎಂಎಲ್ ಅನ್ನು ಅವು ಪಿಎಚ್‌ಪಿ ಕೋಡಿನ ಸಾಲಾಗಿ ಬರೆದು, ಇವಾಲ್ ಅನ್ನುವ ಫಂಕ್ಷನ್‌ಗೆ ಕೊಟ್ಟು ನಡೆಸುತ್ತಿದ್ದವು. ಒಂದು ಉದ್ಧರಣ ಚಿಹ್ನೆಯನ್ನು ಜಾಣತನದಿಂದ ಸೇರಿಸಿದರೆ ಸಾಕು, ಕಳಿಸಿದವರ ಕೋಡ್ ನಿಮ್ಮ ಸರ್ವರ್‌ನಲ್ಲಿ ಓಡುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಡ್ರೂಪಲ್, ವರ್ಡ್‌ಪ್ರೆಸ್ ಸೇರಿದಂತೆ ಹಲವು ಸಾಫ್ಟ್‌ವೇರ್‌ಗಳು ಇದೇ ಲೈಬ್ರರಿಗಳನ್ನು ಬಳಸಿ ಇಕ್ಕಟ್ಟಿಗೆ ಸಿಕ್ಕವು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿಚ್ಚಿತು. ಕೊನೆಗೆ ಇವಾಲ್ ಅನ್ನೇ ಕಿತ್ತುಹಾಕಿದರು. ಅಷ್ಟಾದರೂ ಆ ನವೆಂಬರ್‌ನಲ್ಲಿ ಲಪ್ಪರ್ ಎಂಬ, ತಾನಾಗಿ ಹರಡುವ ವರ್ಮ್ ಇದೇ ತೂತಿನಿಂದ ಲಿನಕ್ಸ್ ಸರ್ವರ್‌ಗಳಿಗೆ ನುಗ್ಗಿತು.

ವರ್ಡ್‌ಪ್ರೆಸ್ 2008ರ ಜುಲೈಯಲ್ಲಿ, 2.6ನೇ ಆವೃತ್ತಿಯಲ್ಲಿ, ಹೊಸ ಸೈಟುಗಳಿಗೆ ದೂರದಿಂದ ಬರೆಯುವ ಸೌಲಭ್ಯವನ್ನು ಮುಚ್ಚಿಯೇ ಕೊಟ್ಟಿತು. ಅದೇ ತಿಂಗಳು ಅದರ ಐಫೋನ್ ಆ್ಯಪ್ ಬಂತು, ಆ ಆ್ಯಪಿಗೆ ಬೇಕಾದದ್ದು ಇದೇ ಸೌಲಭ್ಯ. ಮೊಬೈಲ್ ಗೆದ್ದಿತು. 2012ರ ಡಿಸೆಂಬರ್‌ನ 3.5ರಲ್ಲಿ ಮತ್ತೆ ತೆರೆದರು, ಮುಚ್ಚುವ ಸ್ವಿಚ್ಚನ್ನೂ ಸೆಟ್ಟಿಂಗ್ಸ್‌ನಿಂದ ತೆಗೆದರು. ಕೋಡ್ ಸುಧಾರಿಸಿದೆ ಅನ್ನುವುದು ಕಾರಣ. ಸ್ವಿಚ್ ಇಟ್ಟುಕೊಳ್ಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಯಾಕೆಂದರೆ 2014ರ ಮಾರ್ಚ್‌ನಲ್ಲಿ 1,62,000ಕ್ಕೂ ಜಾಸ್ತಿ ವರ್ಡ್‌ಪ್ರೆಸ್ ಸೈಟುಗಳನ್ನು ಒಂದೇ ಸೈಟಿನ ಮೇಲೆ ಛೂ ಬಿಟ್ಟದ್ದನ್ನು ಸುಕುರಿ ಕಂಪನಿ ವರದಿ ಮಾಡಿತು. ನಿಮ್ಮ ಪೋಸ್ಟಿಗೆ ಇಂಥ ಪುಟ ಲಿಂಕ್ ಕೊಟ್ಟಿದೆ ಎಂದು ತಿಳಿಸುವ, ಆ ಪುಟವನ್ನು ಸೈಟ್ ಹೋಗಿ ನೋಡುವಂತೆ ಮಾಡುವ ಪಿಂಗ್‌ಬ್ಯಾಕ್ ಎಂಬ ಕರೆಯನ್ನು ದುರುಪಯೋಗ ಮಾಡಿದ್ದರು. ಅದರಲ್ಲಿ ಭಾಗಿಯಾದ ಸೈಟುಗಳನ್ನು ಯಾರೂ ಒಡೆದಿರಲಿಲ್ಲ, ಅವು ಹೇಳಿದ ಕೆಲಸವನ್ನಷ್ಟೇ ಮಾಡಿದ್ದವು. 2015ರಲ್ಲಿ ಮಲ್ಟಿಕಾಲ್ ಸರದಿ. ನಿಧಾನ ನೆಟ್‌ವರ್ಕಿಗೆ ಅನುಕೂಲವಾಗಲೆಂದು ಹಲವು ಕರೆಗಳನ್ನು ಒಂದೇ ರಿಕ್ವೆಸ್ಟ್‌ನಲ್ಲಿ ಕಳಿಸುವ ಉಪಾಯ ಅದು. ದಾಳಿಕೋರರು ಅದರಲ್ಲಿ ನೂರಾರು ಪಾಸ್‌ವರ್ಡ್ ಊಹೆಗಳನ್ನು ತುಂಬಿ ಕಳಿಸಿದರು. ಲಾಗ್‌ನಲ್ಲಿ ಕಾಣುವುದು ಒಂದೇ ಸಾಲು. 4.4ನೇ ಆವೃತ್ತಿಯಲ್ಲಿ, ಮೊದಲ ಪಾಸ್‌ವರ್ಡ್ ತಪ್ಪಾದರೆ ಆ ಕಟ್ಟಿನಲ್ಲಿ ಉಳಿದವೂ ಸೋಲುವಂತೆ ಮಾಡಿದರು.

ಅಷ್ಟರಲ್ಲಿ ಗಾಳಿ ರೆಸ್ಟ್ ಕಡೆಗೆ ತಿರುಗಿತ್ತು. ರಾಯ್ ಫೀಲ್ಡಿಂಗ್ 2000ದ ಪ್ರಬಂಧದಲ್ಲಿ ಹೇಳಿದ್ದು ಅದು: ಫಂಕ್ಷನ್ ಹೆಸರು ಕರೆಯಬೇಡಿ, ಪ್ರತಿ ವಸ್ತುವಿಗೂ ಒಂದು ವಿಳಾಸ ಕೊಟ್ಟು ಎಚ್‌ಟಿಟಿಪಿಯ ಮಾಮೂಲಿ ಕ್ರಿಯೆಗಳನ್ನೇ ಬಳಸಿ. ಡ್ರೂಪಲ್ 2015ರಲ್ಲಿ, 8ನೇ ಆವೃತ್ತಿಯ ಹೊತ್ತಿಗೆ, ಎಕ್ಸ್‌ಎಂಎಲ್-ಆರ್‌ಪಿಸಿಯನ್ನು ಮೂಲದಿಂದಲೇ ಹೊರಗಿಟ್ಟಿತು. ವರ್ಡ್‌ಪ್ರೆಸ್ 2016ರ ಡಿಸೆಂಬರ್‌ನಲ್ಲಿ, 4.7ರಲ್ಲಿ, ಲೇಖನಗಳ ರೆಸ್ಟ್ ಎಪಿಐ ತೆರೆಯಿತು. ಎರಡು ತಿಂಗಳೂ ಆಗಿರಲಿಲ್ಲ, ಲಾಗಿನ್ ಇಲ್ಲದೆಯೇ ಯಾರದ್ದೋ ಪೋಸ್ಟ್ ತಿದ್ದಲು ಬಿಡುವ ತೂತು ಹೊರಬಂತು. 4.7.2ರಲ್ಲಿ ಸರಿಪಡಿಸಿದರು, ಅಪ್‌ಡೇಟ್ ಮಾಡದ ಸೈಟುಗಳ ಪುಟಗಳು ರಾಶಿ ರಾಶಿಯಾಗಿ ಕೆಟ್ಟವು. 2020ರ 5.5ರಿಂದ ಇನ್ನೊಂದು ಒಳ್ಳೆಯ ಬದಲಾವಣೆ ಆಯಿತು. ಹೊಸ ವಿಳಾಸ ತೆರೆಯುವ ಪ್ರೋಗ್ರಾಮರ್, ಯಾರು ಕರೆಯಬಹುದು ಎಂದು ಬರೆಯದಿದ್ದರೆ ವರ್ಡ್‌ಪ್ರೆಸ್ ಎಚ್ಚರಿಸುತ್ತದೆ. ಎಲ್ಲರಿಗೂ ತೆರೆದದ್ದಾದರೆ ಅದನ್ನೂ ಬರೆದೇ ಹೇಳಬೇಕು. ಝೋಪ್‌ನ ಡಾಕ್‌ಸ್ಟ್ರಿಂಗ್ ಮಾಡಲು ಹೊರಟಿದ್ದ ಕೆಲಸವನ್ನು ಇದು ನೇರವಾಗಿ ಮಾಡುತ್ತದೆ.

ಈಗ ಆರ್‌ಪಿಸಿ ಹೊಸ ಹೆಸರಿನಲ್ಲಿ ಮರಳಿದೆ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್, ನೆಕ್ಸ್ಟ್ ಜೆಎಸ್‌ನಲ್ಲಿ ಒಂದು ಫಂಕ್ಷನ್ ಮೇಲೆ 'ಯೂಸ್ ಸರ್ವರ್' ಎಂದು ಬರೆದರೆ, ಬ್ರೌಸರಿನ ಕೋಡ್ ಅದನ್ನು ಪಕ್ಕದಲ್ಲೇ ಇದ್ದಂತೆ ಕರೆಯುತ್ತದೆ. ಬಿರೆಲ್, ನೆಲ್ಸನ್ ಬಯಸಿದ್ದೇ ಇದು. 2025ರ ಡಿಸೆಂಬರ್ 3ರಂದು ರಿಯಾಕ್ಟ್ ಸರ್ವರ್ ಕಾಂಪೊನೆಂಟ್ಸ್‌ನಲ್ಲಿ ಬಹಿರಂಗವಾದ ತೂತಿಗೆ ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಹೊರಗಿನಿಂದ ಬಂದ ಮಾಹಿತಿಯನ್ನು ಬಿಚ್ಚುವ ಜಾಗದಲ್ಲೇ, ಲಾಗಿನ್ ಇಲ್ಲದೆ, ಹೊರಗಿನವರ ಕೋಡ್ ಓಡುತ್ತಿತ್ತು. 2005ರ ಕತೆಯನ್ನು ಇನ್ನೊಮ್ಮೆ ಓದಿದ ಹಾಗಾಯಿತು.

ಸುರತ್ಕಲ್, ಮಣಿಪಾಲ, ನಿಟ್ಟೆಯ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆಂದು ಸ್ವಂತ ಫ್ರೇಮ್‌ವರ್ಕ್ ಬರೆಯುವ ಮಕ್ಕಳು ಎರಡು ವಿಷಯ ಮೊದಲೇ ಸೇರಿಸಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ಅನುಮತಿ ಬರೆಯದ ಫಂಕ್ಷನ್ ಹೊರಗೆ ಕಾಣಲೇಬಾರದು. ಪ್ರತಿ ಕರೆಗೂ ಒಂದು ಗುರುತಿನ ಸಂಖ್ಯೆ ಇರಬೇಕು, ಮಳೆಯಲ್ಲಿ ಕಡಿದು ಮತ್ತೆ ಬಂದ ಅದೇ ಕರೆಯನ್ನು ಸರ್ವರ್ ಗುರುತು ಹಿಡಿಯಬೇಕು.

ಇನ್ನು ಸೈಟಿನ ಯಜಮಾನರಿಗೆ. ಆ ಫೈಲನ್ನು ಮುಚ್ಚುವ ಮೊದಲು ಜೆಟ್‌ಪ್ಯಾಕ್ ಎಂಬ ಪ್ಲಗಿನ್ ಬಳಸುತ್ತಿದ್ದೀರಾ ನೋಡಿ, ಅದಕ್ಕೆ ಈ ಫೈಲ್ ಬೇಕು. 'ಎಕ್ಸ್‌ಎಂಎಲ್‌ಆರ್‌ಪಿಸಿ ಎನೇಬಲ್ಡ್' ಎಂಬ ಫಿಲ್ಟರ್ ಹಾಕಿದರೆ ಲಾಗಿನ್ ಬೇಕಾದ ಕರೆಗಳು ಮಾತ್ರ ನಿಲ್ಲುತ್ತವೆ, ಪಿಂಗ್‌ಬ್ಯಾಕ್ ತೆರೆದೇ ಇರುತ್ತದೆ. ಪೂರ್ತಿ ಬೇಡವೆಂದರೆ ವೆಬ್‌ಸರ್ವರ್ ಮಟ್ಟದಲ್ಲೇ ತಡೆಯಬೇಕು. ಹೊರಗಿನ ಆ್ಯಪ್‌ಗಳಿಗೆ ನಿಮ್ಮ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ವರ್ಡ್‌ಪ್ರೆಸ್ 5.6ರಿಂದ ಪ್ರತಿ ಆ್ಯಪಿಗೂ ಬೇರೆ ಪಾಸ್‌ವರ್ಡ್ ಮಾಡಬಹುದು, ಬೇಡವಾದಾಗ ಅದೊಂದನ್ನೇ ರದ್ದು ಮಾಡಬಹುದು.