ಮೃತ್ಯುಪತ್ರದ ಖರ್ಚು: ಎಲ್ಲಿ ಕಡಿಮೆ, ಎಲ್ಲಿ ಹೆಚ್ಚು

ಮೃತ್ಯುಪತ್ರ (ಉಯಿಲು) ಮಾಡಿಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿಕೊಂಡು ಬರುವವರಿಗೆ ನೇರವಾದ ಉತ್ತರವೊಂದಿದೆ. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವಿಲ್ಲ. ಛಾಪಾ ಕಾಗದವೂ ಬೇಕಿಲ್ಲ, ಬಿಳಿ ಹಾಳೆಯ ಮೇಲೆ ಕೈಯಿಂದ ಬರೆದರೂ ನಡೆಯುತ್ತದೆ. 1908ರ ನೋಂದಣಿ ಕಾಯ್ದೆ ಅದರ ನೋಂದಣಿಯನ್ನು ಬರೆಸುವವರ ಇಚ್ಛೆಗೆ ಬಿಟ್ಟಿದೆ. ನೋಂದಣಿ ಮಾಡಿಸಬೇಕೆಂದರೂ ಕಾರವಾರ, ಕುಮಟಾ, ಶಿರಸಿ ಯಾವ ಉಪನೋಂದಣಿ ಕಚೇರಿಯಲ್ಲೇ ಆಗಲಿ, ಆಸ್ತಿ ಹತ್ತು ಗುಂಟೆಯಿರಲಿ ಹತ್ತು ಎಕರೆಯಿರಲಿ, ಸರ್ಕಾರದ ಶುಲ್ಕ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ವಕೀಲರ ಶುಲ್ಕ ಆಸ್ತಿಯ ತೊಡಕಿನ ಮೇಲೆ ನಿಂತಿರುತ್ತದೆ.

ಖರ್ಚು ಇಷ್ಟು ಕಡಿಮೆಯಾದ್ದರಿಂದಲೇ ಅನೇಕರು ಈ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಲು ಬಯಸುತ್ತಾರೆ. ಆದರೆ ಹಣ, ಓಡಾಟ, ತಾಳ್ಮೆ ಇವೆಲ್ಲ ಬೇಕಾಗುವುದು ಬರವಣಿಗೆಗೆ ಮೊದಲು, ಬರೆದುಕೊಡಲಿರುವ ಆಸ್ತಿಯಲ್ಲಿ ತನ್ನದು ಎಷ್ಟು ಎಂಬುದನ್ನು ಕಾಗದಗಳಿಂದ ಗೊತ್ತುಮಾಡಿಕೊಳ್ಳುವಾಗ. ಅಲ್ಲಿ ಉಳಿಸಿದ ಖರ್ಚನ್ನು ಮಕ್ಕಳು ಹಲವು ಪಟ್ಟು ಕಟ್ಟಬೇಕಾಗುತ್ತದೆ.

ಶಿರಸಿ ಸೀಮೆಯ ಅಡಿಕೆ ತೋಟಿಗರ ಮನೆಗಳಲ್ಲಿ ಪದೇ ಪದೇ ಕಾಣುವ ಪರಿಸ್ಥಿತಿಯನ್ನೇ ನೋಡೋಣ. ಹಿರಿಯರು ಪಹಣಿ ತಂದು ಮುಂದಿಡುತ್ತಾರೆ. “ತೋಟ ಎಲ್ಲ ನಂದೇ ವಕೀಲರೇ, ನಲವತ್ತು ವರ್ಷದಿಂದ ಮಣ್ಣು ಹಾಕಿಸಿದ್ದು ನಾನು, ಔಷಧ ಹೊಡೆಸಿದ್ದು ನಾನು” ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಪಹಣಿಯಲ್ಲಿ ಅವರ ಹೆಸರಿನ ಜೊತೆಗೆ ಇಬ್ಬರು ತಮ್ಮಂದಿರ ಹೆಸರು ಜಂಟಿಯಾಗಿ ಇರುತ್ತದೆ. ತಂದೆ ತೀರಿಕೊಂಡ ಮೇಲೆ ಹಿಸೆ, ಅಂದರೆ ಪಾಲು, ಆದದ್ದು ಬಾಯಿಮಾತಿನಲ್ಲಿ; ಪೋಡಿ (ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು) ಆಗಿಲ್ಲ. ಇಂಥ ಸ್ಥಿತಿಯಲ್ಲಿ ‘ಹೊಳೆಯ ಬದಿಯ ತೋಟ ಕಿರಿಯ ಮಗನಿಗೆ’ ಎಂದು ಬರೆದರೆ, ಆ ತುಂಡು ತಮ್ಮದೆಂದು ತಮ್ಮಂದಿರ ಮಕ್ಕಳು ಎದ್ದು ನಿಂತ ದಿನ ಆ ಸಾಲಿಗೆ ಆಧಾರ ಉಳಿಯುವುದಿಲ್ಲ. ಅಣ್ಣತಮ್ಮಂದಿರು ಬದುಕಿರುವಾಗಲೇ ಅಳತೆ ಮಾಡಿಸಿ, ಪಾಲಾಗುವ ತುಂಡುಗಳನ್ನು ತೋರಿಸುವ 11ಇ ನಕ್ಷೆ ತೆಗೆಸಿ, ಹಿಸೆಪತ್ರ ನೋಂದಾಯಿಸಿ, ಆ ಮೇಲೆ ಮೃತ್ಯುಪತ್ರ ಬರೆಸುವುದು ಸರಿಯಾದ ದಾರಿ. ಇದಕ್ಕೆ ಮೃತ್ಯುಪತ್ರಕ್ಕಿಂತ ಎಷ್ಟೋ ಹೆಚ್ಚು ಖರ್ಚು ಬರುತ್ತದೆ, ತಿಂಗಳುಗಟ್ಟಲೆ ಸಮಯವೂ ಹಿಡಿಯುತ್ತದೆ. ಆದರೂ ಈ ಹಣವನ್ನು ವ್ಯಯಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಪಿತ್ರಾರ್ಜಿತ ಆಸ್ತಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಂತೆ ಅವಿಭಕ್ತ ಕುಟುಂಬದ ಸದಸ್ಯನೊಬ್ಬ ತನ್ನ ಪಾಲನ್ನಷ್ಟೇ ಮೃತ್ಯುಪತ್ರದಿಂದ ಕೊಡಬಹುದು, ಇಡೀ ಆಸ್ತಿಯನ್ನಲ್ಲ. 2005ರ ತಿದ್ದುಪಡಿಯ ನಂತರ ಮಗಳು ಹುಟ್ಟಿನಿಂದಲೇ ಮಗನಿಗೆ ಸಮನಾದ ಹಕ್ಕುದಾರಳು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಆದ್ದರಿಂದ ಮಗಳಿಗೆ ಪಾಲಿಲ್ಲ’ ಎಂಬ ಸಾಲು ಈಗಲೂ ಕರಡುಗಳಲ್ಲಿ ಬರುತ್ತದೆ. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯಾದರೆ ಅದು ಅವರ ಇಚ್ಛೆ. ಪಿತ್ರಾರ್ಜಿತವಾದರೆ ಮಗಳ ಸ್ವಂತ ಪಾಲನ್ನು ಆ ಸಾಲು ಕಿತ್ತುಕೊಳ್ಳಲಾರದು. ತಾಯಿಗೆ ಮನೆಯಲ್ಲಿ ಕೊನೆಯವರೆಗೆ ವಾಸದ ಹಕ್ಕು ಬರೆಯುವುದನ್ನು ಮರೆಯುವವರು ಇನ್ನೂ ಹೆಚ್ಚು, ಮತ್ತು ಅದು ನನ್ನನ್ನು ಬಹಳ ನೋಯಿಸುವ ಮರೆವು.

ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮುಖ್ಯವಾದದ್ದು. ಬೆಟ್ಟದ ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು ತೋಟಕ್ಕೆ ಅಂಟಿಕೊಂಡಿದೆಯೇ ಹೊರತು ನೆಲ ನಮ್ಮ ಮಾಲ್ಕಿಯದಲ್ಲ. ಆದ್ದರಿಂದ ತೋಟವನ್ನು ಒಬ್ಬ ಮಗನಿಗೂ ಬೆಟ್ಟವನ್ನು ಇನ್ನೊಬ್ಬನಿಗೂ ಬರೆಯುವುದು ನಿಲ್ಲುವ ಬರವಣಿಗೆಯಲ್ಲ. ಅರಣ್ಯ ಅತಿಕ್ರಮಣ ಜಮೀನಿಗೆ ಪಟ್ಟಾ ಸಿಗದಿರುವವರೆಗೆ ಅಲ್ಲಿಯೂ ಮಾಲಿಕತ್ವವನ್ನು ಬರೆದುಕೊಡಲಾಗದು.

ಇನ್ನು ಸಾಕ್ಷಿಗಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಬರೆಸಿದವರು ಸಹಿ ಮಾಡುವುದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ಇದು ತನ್ನ ಸಹಿ ಎಂದು ಬರೆಸಿದವರೇ ಹೇಳಿದ್ದನ್ನು ಕೇಳಿರಬೇಕು. ಬಳಿಕ ಬರೆಸಿದವರ ಎದುರಿಗೇ ಸಾಕ್ಷಿಗಳೂ ಸಹಿ ಹಾಕಿರಬೇಕು. ನೋಂದಣಿಯಾದರೆ ಸಾಕ್ಷಿ ಬೇಡ ಎಂಬ ನಂಬಿಕೆ ಕರಾವಳಿಯಲ್ಲೂ ಘಟ್ಟದ ಮೇಲೂ ಬೇರೂರಿದೆ, ಅದು ತಪ್ಪು. ತಕರಾರು ಬಂದಾಗ ನೋಂದಾಯಿತ ಮೃತ್ಯುಪತ್ರವನ್ನೂ ಒಬ್ಬ ಸಾಕ್ಷಿಯನ್ನಾದರೂ ಕಟಕಟೆಗೆ ಕರೆದೇ ರುಜುವಾತುಪಡಿಸಬೇಕು. ಅಲ್ಲಿ ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳು ಬಹಳ ಸಣ್ಣವು: ಅವರು ಯಾವ ಕೈಯಿಂದ ಸಹಿ ಮಾಡಿದರು, ಕನ್ನಡಕ ಹಾಕಿಕೊಂಡಿದ್ದರೇ, ಪತ್ರವನ್ನು ಓದಿ ಹೇಳಿದವರು ಯಾರು, ನಿಮ್ಮನ್ನು ಅಲ್ಲಿಗೆ ಕರೆತಂದವರು ಯಾರು. ಕಚೇರಿಯ ಎದುರು ಚಹಾ ಕುಡಿಯುತ್ತಿದ್ದವರನ್ನು ಕರೆದು ಸಹಿ ಹಾಕಿಸಿದ್ದರೆ ಆ ಸಾಕ್ಷಿ ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ. ಕೊನೆಯ ಪ್ರಶ್ನೆಗೆ ‘ಹಿರಿಯ ಮಗ’ ಎಂಬ ಉತ್ತರ ಬಂದು, ಆಸ್ತಿ ಹೆಚ್ಚಾಗಿ ಹೋದದ್ದೂ ಅವರಿಗೇ ಆಗಿದ್ದರೆ ಸಂಶಯ ಬಲವಾಗುತ್ತದೆ. ಅಂಥ ಸಂಶಯವನ್ನು ನಿವಾರಿಸುವ ಹೊಣೆ ಮೃತ್ಯುಪತ್ರವನ್ನು ಮುಂದಿಟ್ಟವರದ್ದೇ ಎಂದು ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ದಾರಿದೀಪ. ಆದ್ದರಿಂದ ಬರೆಸುವವರಿಗಿಂತ ವಯಸ್ಸಿನಲ್ಲಿ ಕಿರಿಯರಾದ, ಊರಿನಲ್ಲೇ ಇರುವ, ಆಸ್ತಿಯಲ್ಲಿ ಏನೂ ಪಡೆಯದ ಇಬ್ಬರನ್ನು ಆರಿಸಿಕೊಳ್ಳಬೇಕು. ವಯಸ್ಸಾಗಿದ್ದರೆ ಅದೇ ದಿನ ವೈದ್ಯರಿಂದ ಬುದ್ಧಿಸ್ವಾಸ್ಥ್ಯದ ಪ್ರಮಾಣಪತ್ರ ಪಡೆಯಬೇಕು. ಹಾಸಿಗೆ ಹಿಡಿದವರ ಮನೆಗೆ ನೋಂದಣಿ ಅಧಿಕಾರಿಯೇ ಬರಲು ಕಾಯ್ದೆಯಲ್ಲಿ ಅವಕಾಶವಿದೆ, ಅದಕ್ಕೆ ಪ್ರತ್ಯೇಕ ಶುಲ್ಕ ಕಟ್ಟಬೇಕು.

ಈ ಎಚ್ಚರವಿಲ್ಲದಿದ್ದರೆ ಮುಂದಾಗುವುದನ್ನೂ ಲೆಕ್ಕ ಹಾಕಬೇಕು. ತಕರಾರಿನ ಮೃತ್ಯುಪತ್ರದ ಸಾಚಾತನವನ್ನು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ನ್ಯಾಯಾಲಯದ ಕೆಲಸ. ಅಲ್ಲಿಂದ ಮೇಲ್ಮನವಿ, ಕೊನೆಗೆ ಧಾರವಾಡದ ಹೈಕೋರ್ಟ್ ಪೀಠ. ಅಷ್ಟು ವರ್ಷ ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಉಳಿದರೆ ಮಕ್ಕಳಿಗೆ ಸೊಸೈಟಿಯ ಬೆಳೆಸಾಲ ಕಷ್ಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಸುವವರು ಯಾರು, ಹಣ ಹಾಕುವವರು ಯಾರು ಎಂಬ ಜಗಳದಲ್ಲಿ ಫಸಲೂ ಹೋಗುತ್ತದೆ.

ಎಲ್ಲರಿಗೂ ಒಂದೇ ಕಾನೂನಿಲ್ಲ ಎಂಬುದನ್ನೂ ಗಮನಿಸಬೇಕು. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಕ್ರೈಸ್ತರು ಮೃತ್ಯುಪತ್ರ ಬರೆಸಿದ ನಂತರ ವಿವಾಹವಾದರೆ ಅದು ತಾನಾಗಿ ರದ್ದಾಗುತ್ತದೆ. ಕಾಣಕೋಣ, ಮಡಗಾಂವ್ ಕಡೆ ಆಸ್ತಿ ಇರುವ ಕಾರವಾರದ ಕುಟುಂಬಗಳು ಗೋವಾದ ವಕೀಲರನ್ನು ಕೇಳದೆ ಮುಂದುವರಿಯಬಾರದು, ಏಕೆಂದರೆ ಅಲ್ಲಿಯ ಕಾನೂನು ಅರ್ಧ ಆಸ್ತಿಯನ್ನು ಮಕ್ಕಳಂಥ ಕಡ್ಡಾಯ ವಾರಸುದಾರರಿಗೆ ಕಾದಿರಿಸುತ್ತದೆ.

ಇಷ್ಟೆಲ್ಲ ಏಕೆ, ಈಗಲೇ ದಾನಪತ್ರ ಮಾಡಿಬಿಡೋಣ ಎನ್ನುವವರಿದ್ದಾರೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇರುವುದು ನಿಜ. ಆದರೆ ದಾನ ಕೊಟ್ಟ ದಿನವೇ ಹಕ್ಕು ಕೈಬಿಡುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಅದನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಹೋಗಬೇಕು, ಅದಕ್ಕೂ ಪತ್ರದಲ್ಲಿ ಪೋಷಣೆಯ ಷರತ್ತು ಬರೆದಿರುವುದು ಕ್ಷೇಮ. ಮೃತ್ಯುಪತ್ರವನ್ನಾದರೋ ಬರೆಸಿದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗೆ ಬದಲಿಸುವಾಗ ಹಿಂದಿನ ಪತ್ರದ ದಿನಾಂಕ ಹಾಗೂ ನೋಂದಣಿ ಸಂಖ್ಯೆಯನ್ನು ಕಾಣಿಸಿ, ಅದನ್ನು ರದ್ದುಪಡಿಸಿದ್ದೇನೆ ಎಂದು ಮೊದಲ ಕಲಮಿನಲ್ಲೇ ಬರೆಸಬೇಕು.